ಹತ್ತು ವರ್ಷದ ವಾರಂಟಿಯ ಹಿಂಬದಿ

ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ದಾಟಿ ಹೇರೋಹಳ್ಳಿ, ಬ್ಯಾಡರಹಳ್ಳಿ ಕಡೆಗೆ ಬಂದರೆ ಹಾರ್ಡ್‌ವೇರ್ ಮತ್ತು ಪೇಂಟ್ ಅಂಗಡಿಗಳು ಒಂದರ ಪಕ್ಕ ಒಂದು ಸಿಗುತ್ತವೆ. ಮುಂಗಾರಿಗೆ ಮುಂಚಿನ ಮಳೆ ಒಂದೆರಡು ಬಿದ್ದರೆ ಸಾಕು, ಅಂಗಡಿ ಬಾಗಿಲಲ್ಲಿ ವಾಟರ್‌ಪ್ರೂಫಿಂಗ್ ಡಬ್ಬಗಳು ಬಂದು ಕೂರುತ್ತವೆ. ಡಬ್ಬದ ಮೇಲೆ ಒಂದು ಸಂಖ್ಯೆ ಎದ್ದು ಕಾಣುತ್ತದೆ: ಐದು ವರ್ಷ, ಎಂಟು ವರ್ಷ, ಹತ್ತು ವರ್ಷ. ಕೊಳ್ಳಲು ಬಂದವರು ಮೊದಲು ಕೇಳುವುದೂ ಅದನ್ನೇ. "ಇದಕ್ಕೆ ಎಷ್ಟು ವರ್ಷ ಗ್ಯಾರಂಟಿ ಅಣ್ಣ?" "ಹತ್ತು ವರ್ಷ ಸಾರ್, ತಲೆ ಕೆಡಿಸ್ಕೋಬೇಡಿ." ಅಲ್ಲಿಗೆ ಮಾತು ಮುಗಿಯುತ್ತದೆ. ಡಬ್ಬ ಆಟೋ ಹತ್ತುತ್ತದೆ, ವಾರಂಟಿ ಕಾರ್ಡು ಬೀರುವಿನೊಳಗೆ ಸೇರುತ್ತದೆ.

ಆ ಸಂಖ್ಯೆಯನ್ನು ನಂಬಿ ಯಾರೂ ನಿಶ್ಚಿಂತೆಯಿಂದ ಇರಬಾರದು ಎಂಬುದು ನನ್ನ ವಾದ. ಕಂಪನಿಗಳೆಲ್ಲ ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ತಾರಸಿಯ ವಾರಂಟಿಯಲ್ಲಿ ಮನೆಯವರ ಕೈ ಹಿಡಿಯುವ ಅಂಶಗಳೇ ಬೇರೆ. ಕೆಲಸ ಆದ ದಿನ ಏನೇನು ಆಯಿತು ಎಂಬ ದಾಖಲೆ, ಕೊಟ್ಟ ದುಡ್ಡಿಗೆ ಬಿಲ್ಲು, ಇನ್ನೂ ಕೊಡದೆ ಕೈಯಲ್ಲಿ ಉಳಿಸಿಕೊಂಡ ಒಂದಿಷ್ಟು ದುಡ್ಡು, ಇವು ಇದ್ದರೆ ಎರಡು ವರ್ಷದ ವಾರಂಟಿಯೂ ಗಟ್ಟಿ. ಇವು ಇಲ್ಲದಿದ್ದರೆ ಹದಿನೈದು ವರ್ಷದ ವಾರಂಟಿಯೂ ಬರೀ ಕಾಗದ.

ಮೊದಲು ಕಾರ್ಡನ್ನು ತಿರುಗಿಸಿ ನೋಡೋಣ. ಇಂಥ ಕಾಗದಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಸಣ್ಣ ಅಕ್ಷರದ ಷರತ್ತುಗಳಿರುತ್ತವೆ. ವಾರಂಟಿ ಡಬ್ಬದೊಳಗಿನ ಮಾಲಿಗೆ ಮಾತ್ರ, ಹಚ್ಚಿದ ಕೂಲಿಗಲ್ಲ. ಮಾಲು ಕೆಟ್ಟಿದೆ ಎಂದು ಕಂಪನಿಯ ಕಡೆಯವರು ಬಂದು ನೋಡಿ ಒಪ್ಪಬೇಕು. ಒಪ್ಪಿದರೂ ಸಿಗುವುದು ಬದಲಿ ಡಬ್ಬ, ಅದೂ ಎಷ್ಟೋ ಕಡೆ ಕಳೆದ ವರ್ಷಗಳ ಲೆಕ್ಕ ಮುರಿದುಕೊಂಡು. ಕಾಂಕ್ರೀಟಿನ ಬಿರುಕಿಗೆ ಅನ್ವಯವಾಗದು. ನೀರು ನಿಲ್ಲುವ ತಾರಸಿಗೆ ಅನ್ವಯವಾಗದು. ತೇವ ಇದ್ದಾಗ ಹಚ್ಚಿದ್ದರೆ, ಹೇಳಿದಷ್ಟು ಕೋಟು ಹಚ್ಚದಿದ್ದರೆ, ತರಬೇತಿ ಪಡೆದವರಿಂದ ಹಚ್ಚಿಸದಿದ್ದರೆ, ಮೇಲೆ ಏನಾದರೂ ಕಟ್ಟಿದರೆ, ಕೊರೆದರೆ, ವಾರಂಟಿ ಬಿದ್ದುಹೋಯಿತು. ಸೋರುವ ತಾರಸಿಗಳಲ್ಲಿ ಬಿರುಕೂ ಇಲ್ಲದ, ನೀರೂ ನಿಲ್ಲದ ತಾರಸಿ ಎಷ್ಟು ಸಿಕ್ಕಾವು? ಯಾವ ಕಾರಣಗಳಿಂದ ತಾರಸಿ ಸೋರುತ್ತದೋ ಅವನ್ನೆಲ್ಲ ಹೊರಗಿಟ್ಟು ಉಳಿದದ್ದಕ್ಕೆ ಹತ್ತು ವರ್ಷದ ಭರವಸೆ ಕೊಟ್ಟಂತಾಯಿತು.

ಕಂಪನಿಯ ಕಡೆಯ ಮಾತಿನಲ್ಲಿ ನ್ಯಾಯ ಇಲ್ಲವೆಂದಲ್ಲ. ಸ್ಲ್ಯಾಬ್ ಹಾಕಿದವರು ಅವರಲ್ಲ. ಅದರ ಕಂಬಿ, ಜಲ್ಲಿ, ಕ್ಯೂರಿಂಗ್ ಯಾವುದನ್ನೂ ಅವರು ನೋಡಿಲ್ಲ. ಅದಕ್ಕೆಲ್ಲ ಅವರು ಹೊಣೆ ಹೊರಲಾರರು. ಆದರೆ ಆ ಮಾತನ್ನು ಡಬ್ಬದ ಮುಂಭಾಗದಲ್ಲೇ ಹೇಳಬೇಕಿತ್ತು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಸೆಕ್ಷನ್ 2(47) ಅನುಚಿತ ವ್ಯಾಪಾರ ಪದ್ಧತಿ ಯಾವುದೆಂದು ವಿವರಿಸುವಾಗ ವಾರಂಟಿಯ ಹೆಸರನ್ನು ನೇರವಾಗಿಯೇ ಎತ್ತುತ್ತದೆ. ಸರಿಯಾದ ಪರೀಕ್ಷೆಯ ಆಧಾರವಿಲ್ಲದೆ ಮಾಲಿನ ಬಾಳಿಕೆಯ ಬಗ್ಗೆ ಗ್ಯಾರಂಟಿ ಕೊಡುವುದು, ದಾರಿ ತಪ್ಪಿಸುವ ವಾರಂಟಿ ಕೊಡುವುದು, ನೆರವೇರಿಸುವ ಸಾಧ್ಯತೆಯೇ ಇಲ್ಲದ ರಿಪೇರಿಯ ಭರವಸೆ ಕೊಡುವುದು, ಇವೆಲ್ಲ ಅದರೊಳಗೆ ಬರುತ್ತವೆ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. "ಬಿಲ್ ಬೇಕಂದ್ರೆ ಜಿಎಸ್‌ಟಿ ಬೀಳತ್ತೆ, ಬೇಡ ಅಂದ್ರೆ ಕಮ್ಮಿಗೆ ಕೊಡ್ತೀನಿ" ಎಂಬ ಮಾತಿಗೆ ಒಪ್ಪಿ ನಾವು ಉಳಿಸುವ ದುಡ್ಡಿಗೆ ವಾರಂಟಿಯನ್ನೇ ಮಾರಿಕೊಳ್ಳುತ್ತಿರುತ್ತೇವೆ.

ಇನ್ನು ಸೋರಿಕೆಯ ಸ್ವಭಾವ. ಸ್ಲ್ಯಾಬ್ ಹಾಕುವ ಮೊದಲು ಕಂಬಿಗಳ ನಡುವೆ ಕರೆಂಟ್ ವೈರಿಗೆಂದು ಪ್ಲಾಸ್ಟಿಕ್ ಪೈಪುಗಳನ್ನು ಹಾಸಿ, ಫ್ಯಾನ್ ಬಾಕ್ಸ್‌ಗೆ ಜೋಡಿಸಿರುತ್ತಾರೆ. ತಾರಸಿಯ ಒಂದು ಮೂಲೆಯಲ್ಲಿ ಕೂದಲೆಳೆಯಂಥ ಬಿರುಕಿದ್ದು, ಅದು ಒಳಗಿನ ಪೈಪಿನ ಜಾಯಿಂಟನ್ನು ಮುಟ್ಟಿದರೆ ನೀರು ಪೈಪಿನೊಳಗೆ ಹರಿದು, ಹತ್ತು ಹದಿನೈದು ಅಡಿ ಆಚೆ ಹಾಲಿನ ನಡುವೆ ಫ್ಯಾನಿನ ಬುಡದಿಂದ ತೊಟ್ಟಿಕ್ಕುತ್ತದೆ. ನೋಡಿದವರು ಫ್ಯಾನಿನ ನೇರಕ್ಕೆ ತಾರಸಿಯ ಮೇಲೆ ಹುಡುಕುತ್ತಾರೆ. ಅಲ್ಲಿ ಏನೂ ಇರುವುದಿಲ್ಲ. ಕೋಟ್ ಹಚ್ಚಿದವರು ಬಂದು, "ನಮ್ಮ ಕೋಟ್ ಚೆನ್ನಾಗೇ ಇದೆ ನೋಡಿ ಮೇಡಂ, ಇದು ಎಲೆಕ್ಟ್ರಿಕಲ್ ಪೈಪ್ ಪ್ರಾಬ್ಲಂ" ಎನ್ನುತ್ತಾರೆ. ಎಲೆಕ್ಟ್ರಿಷಿಯನ್ ಬಂದು, "ಮೇಲಿಂದ ನೀರು ಬಂದ್ರೆ ನಾನೇನು ಮಾಡ್ಲಿ" ಎನ್ನುತ್ತಾನೆ. ಪ್ಲಂಬರ್ ಸಿಂಟೆಕ್ಸ್ ಟ್ಯಾಂಕಿನ ಪೈಪಿನ ಮೇಲೆ ಅನುಮಾನ ಪಡುತ್ತಾನೆ. ಮೂವರೂ ಹೇಳುವುದರಲ್ಲಿ ಅಷ್ಟಿಷ್ಟು ಸತ್ಯ ಇರುತ್ತದೆ. ತಾರಸಿಯ ವಾರಂಟಿ ಜಗಳಗಳಲ್ಲಿ ಹೆಚ್ಚಿನವು ಹೀಗೆ ಕಾಯಿಲೆ ಯಾವುದೆಂದು ತೀರ್ಮಾನವಾಗದ ಜಗಳಗಳೇ. ಕಾಯಿಲೆ ಯಾವುದೆಂದು ಹೇಳುವ ಅಧಿಕಾರ ಕಾರ್ಡಿನ ಪ್ರಕಾರ ಇರುವುದು ದುಡ್ಡು ಕೊಡಬೇಕಾದ ಪಕ್ಷದ ಕೈಯಲ್ಲೇ.

ಇದಕ್ಕೆ ಒಂದು ಹಳೆಯ ಉಪಾಯವಿದೆ, ಖರ್ಚೂ ಕಡಿಮೆ. ಕೆಲಸ ಮುಗಿದು, ಕೋಟ್ ಒಣಗಿದ ಮೇಲೆ, ದುಡ್ಡು ಕೊಡುವ ಮೊದಲು ಔಟ್‌ಲೆಟ್ ಮುಚ್ಚಿ, ಸಣ್ಣ ಕಟ್ಟೆ ಕಟ್ಟಿ ಎರಡು ದಿನ ನೀರು ನಿಲ್ಲಿಸುವುದು. ಕೆಳಗಿನ ಸೀಲಿಂಗನ್ನು ಮೊದಲೂ ಆಮೇಲೂ ಫೋಟೊ ತೆಗೆಯುವುದು. ಒಂದು ಹಾಳೆಯಲ್ಲಿ ತಾರೀಖು, ಎಷ್ಟು ಕೋಟು, ಯಾವ ಮಾಲು, ಎಷ್ಟು ಡಬ್ಬ, ಎಷ್ಟು ಹೊತ್ತು ನೀರು ನಿಂತಿತ್ತು ಎಂದು ಬರೆದು ಇಬ್ಬರೂ ಸಹಿ ಹಾಕುವುದು. ನೀರು ಆಚೆ ಬಿಟ್ಟಾಗ ಯಾವ ಮೂಲೆಯಲ್ಲಿ ಉಳಿಯಿತು ಎಂಬುದನ್ನೂ ನೋಡಬೇಕು. ತಾರಸಿಗೆ ನೂರಕ್ಕೆ ಒಂದರಷ್ಟಾದರೂ ಇಳಿಜಾರು ಬೇಕು. ಅಂದರೆ ಹತ್ತು ಅಡಿಗೆ ಸುಮಾರು ಒಂದೂಕಾಲು ಇಂಚು. ಅದಿಲ್ಲದ ಕಡೆ ನೀರು ನಿಲ್ಲುತ್ತದೆ, ನೀರು ನಿಂತ ಕಡೆ ಕಾರ್ಡು ಕೈಬಿಡುತ್ತದೆ. ಆ ಕೊರತೆ ಮೊದಲ ದಿನವೇ ಕಂಡರೆ ಸರಿಮಾಡಿಸುವ ಹೊಣೆ ಕೆಲಸ ಮಾಡಿದವರದ್ದು, ಮೂರು ವರ್ಷ ಕಳೆದ ಮೇಲೆ ಕಂಡರೆ ನಮ್ಮದು.

ಬೆಂಗಳೂರಿನ ತಾರಸಿಗೆ ಬೀಳುವ ಪೆಟ್ಟಿನ ಅಂದಾಜು ಇದ್ದರೆ ಕಾರ್ಡಿನ ಮಾತನ್ನು ತೂಗಿ ನೋಡುವುದು ಸುಲಭ. ನಮ್ಮದು ತಂಪಿನ ಊರು ಎಂಬ ಹಳೆಯ ಹೆಮ್ಮೆ ತಾರಸಿಯ ಮಟ್ಟಿಗೆ ನಿಲ್ಲುವುದಿಲ್ಲ. 2024ರ ಏಪ್ರಿಲ್ 28ರಂದು ನಗರದಲ್ಲಿ 38.5 ಡಿಗ್ರಿ ದಾಖಲಾಯಿತು. ಬಿಸಿಲಿಗೆ ಮೈಯೊಡ್ಡಿದ ಕಾಂಕ್ರೀಟ್ ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಮೂವತ್ತು ನಲವತ್ತರ ಸೈಟಿನಲ್ಲಿ ಉದ್ದಕ್ಕೆ ನಲವತ್ತು ಅಡಿ, ಅಂದರೆ ಹನ್ನೆರಡು ಮೀಟರ್ ಸ್ಲ್ಯಾಬ್ ಇದೆ ಎನ್ನಿ. ಮಧ್ಯಾಹ್ನಕ್ಕೂ ಬೆಳಗಿನ ಜಾವಕ್ಕೂ ಕಾಂಕ್ರೀಟಿನಲ್ಲಿ ಮೂವತ್ತು ಡಿಗ್ರಿ ವ್ಯತ್ಯಾಸವಾದರೆ ಆ ಸ್ಲ್ಯಾಬ್ ಸುಮಾರು ಮೂರೂವರೆ ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಬೇಸಿಗೆಯ ದಿನಗಳಲ್ಲಿ ಇದು ನಿತ್ಯದ ಕೆಲಸ. ಮೇಲಿನ ಕೋಟ್ ಅದರ ಜೊತೆಗೇ ಹಿಗ್ಗಬೇಕು, ಇಲ್ಲವೇ ಸೀಳಬೇಕು. ಹೀಗೆ ಸೀಳಿದ ತಾರಸಿಯ ಮೇಲೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಹಸ್ತ, ಚಿತ್ತೆ ಮಳೆಗಳು ಸುರಿಯುತ್ತವೆ. ಬೆಂಗಳೂರಿಗೆ ವರ್ಷದಲ್ಲಿ ಹೆಚ್ಚು ನೀರು ತರುವುದು ಆ ಕಾಲವೇ. 2022ರಲ್ಲಿ ವರ್ಷದ ಮಳೆ 1,900 ಮಿಲಿಮೀಟರನ್ನೂ ದಾಟಿತು; ಸಾಮಾನ್ಯವಾಗಿ ಬೀಳುವುದರ ಸುಮಾರು ಎರಡರಷ್ಟು. ಫೆಬ್ರುವರಿಯಲ್ಲಿ ಹಚ್ಚಿಸಿದ ಕೋಟಿನ ಯೋಗ್ಯತೆ ತಿಳಿಯುವುದು ದೀಪಾವಳಿ ಕಳೆದ ಮೇಲೆ. ಅಷ್ಟರಲ್ಲಿ ಪೂರ್ತಿ ದುಡ್ಡು ಕೊಟ್ಟು ಎಂಟು ತಿಂಗಳಾಗಿರುತ್ತದೆ.

ಬ್ಯಾಡರಹಳ್ಳಿ, ತುಂಗಾನಗರ, ಗಿಡದಕೋನೇನಹಳ್ಳಿಯ ಕಡೆಯ ಯಾವ ಬೀದಿಯಲ್ಲಾದರೂ ತಲೆಯೆತ್ತಿ ನೋಡಿ. ತಾರಸಿಯ ನಾಲ್ಕು ಮೂಲೆಯಲ್ಲೂ, ನಡುವೆಯೂ ಕಾಲಂ ಕಂಬಿಗಳು ಎರಡು ಮೂರು ಅಡಿ ಮೇಲೆದ್ದು ನಿಂತಿರುತ್ತವೆ. ಮುಂದೆ ಕೈಯಲ್ಲಿ ದುಡ್ಡಾದಾಗ ಇನ್ನೊಂದು ಫ್ಲೋರ್ ಎತ್ತೋಣ ಎಂಬ ಆಸೆಯಿಂದ ಬಿಟ್ಟ ಕಂಬಿಗಳು ಅವು. ಮೆಟ್ರೊ ಮೂರನೇ ಹಂತದ ಹೊಸಹಳ್ಳಿ–ಕಡಬಗೆರೆ ಮಾರ್ಗಕ್ಕೆ 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ಮೇಲೆ ಮಾಗಡಿ ರಸ್ತೆಯ ಈ ಭಾಗದಲ್ಲಿ ಆ ಆಸೆ ಇನ್ನಷ್ಟು ಬಲವಾಗಿದೆ. ಆಸೆಯಲ್ಲಿ ತಪ್ಪಿಲ್ಲ. ಆದರೆ ವಾರಂಟಿಯ ದೃಷ್ಟಿಯಿಂದ ಇಡೀ ತಾರಸಿಯಲ್ಲಿ ಅತಿ ದುರ್ಬಲ ಜಾಗ ಆ ಕಂಬಿಯ ಬುಡ. ಮಳೆಗೆ ಬಿಟ್ಟ ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕಾದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗ ಕೇಳುತ್ತದೆ. ಸುತ್ತಲಿನ ಕಾಂಕ್ರೀಟ್ ಒಡೆಯುತ್ತದೆ. ಕಂಬಿಯ ಗುಂಟ ನೀರು ಕೆಳಗಿಳಿಯುತ್ತದೆ. ಕೋಟ್ ಹಚ್ಚುವವನ ಬ್ರಷ್ ಕಂಬಿಗಳ ನಡುವೆ ಸರಿಯಾಗಿ ಓಡುವುದಿಲ್ಲ. ನೀವು ಮೇಲಿನ ಫ್ಲೋರ್ ಎತ್ತಿದ ದಿನ ಆ ತಾರಸಿಯ ವಾರಂಟಿ ಹೇಗೂ ಮುಗಿಯುತ್ತದೆ. ಎರಡು ವರ್ಷದಲ್ಲಿ ಎತ್ತುವುದು ಖಚಿತವಿದ್ದರೆ ಹತ್ತು ವರ್ಷದ ದುಬಾರಿ ಕೋಟಿಗೆ ದುಡ್ಡು ಸುರಿಯುವುದು ಯಾಕೆ? ಆ ದುಡ್ಡಿನ ಒಂದು ಪಾಲಿನಲ್ಲಿ ಕಂಬಿಗಳಿಗೆ ಸಿಮೆಂಟ್ ಹಾಲು ಬಳಿಸಿ, ಬಡ ಕಾಂಕ್ರೀಟಿನಿಂದ ಸುತ್ತ ಮುಚ್ಚಿಸಿ, ಬುಡಕ್ಕೆ ನೀರು ಜಾರುವಂತೆ ಗಾರೆ ಕೊಡಿಸಿದರೆ ಹೆಚ್ಚು ಉಪಯೋಗ. ಮೇಲೆ ಕಟ್ಟುವ ಕಾಲ ಬಂದಾಗ ಆ ಮುಚ್ಚಿಗೆಯನ್ನು ಒಡೆದರೆ ಕಂಬಿ ಒಳ್ಳೆಯ ಸ್ಥಿತಿಯಲ್ಲಿ ಸಿಗುತ್ತದೆ.

ಈಗ ಮೇಸ್ತ್ರಿಯ ವಿಷಯ. ನಮ್ಮ ಕಡೆ ಮನೆ ಕಟ್ಟುವುದು ಚದರದ ಲೆಕ್ಕದಲ್ಲಿ. ಚದರಕ್ಕೆ ಇಷ್ಟು ಎಂದು ಮಾತಾಡಿ, ಅಡ್ವಾನ್ಸ್ ಕೊಟ್ಟು, ಗುದ್ದಲಿ ಪೂಜೆ ಮಾಡಿ ಶುರು. ಸಾಕಷ್ಟು ಮನೆಗಳದು ಲೇಬರ್ ಕಂಟ್ರಾಕ್ಟ್: ಸಿಮೆಂಟ್, ಕಂಬಿ, ಮರಳು ಯಜಮಾನರದು, ಕೂಲಿ ಮೇಸ್ತ್ರಿಯದು. ದುಡ್ಡು ಉಳಿಯುತ್ತದೆ, ಮಾಲು ಕಣ್ಣೆದುರಿಗೆ ಇರುತ್ತದೆ, ಇದು ಒಳ್ಳೆಯ ಏರ್ಪಾಡು ಎಂದೇ ಎಲ್ಲರ ನಂಬಿಕೆ. ತಾರಸಿ ಸೋರಿದ ದಿನ ಇದರ ಇನ್ನೊಂದು ಮುಖ ಕಾಣುತ್ತದೆ. ಕ್ಯೂರಿಂಗ್ ಯಾರ ಕೆಲಸವಾಗಿತ್ತು? ನೀರು ಹಾಕುವುದು ಮನೆಯವರ ಪಾಲು ಎಂದು ಮೇಸ್ತ್ರಿ, ಆಳಿಟ್ಟು ಹಾಕಿಸಬೇಕಿತ್ತು ಎಂದು ಮನೆಯವರು. ಕಾಂಕ್ರೀಟ್ ಕಟ್ಟಡಗಳ ರಾಷ್ಟ್ರೀಯ ಸಂಹಿತೆಯಾದ ಐಎಸ್ 456 ಮಾಮೂಲಿ ಒಪಿಸಿ ಸಿಮೆಂಟಿಗೆ ಕನಿಷ್ಠ ಏಳು ದಿನ, ಹಾರುಬೂದಿ ಬೆರೆತ ಪಿಪಿಸಿಯಂಥ ಸಿಮೆಂಟಿಗೆ ಕನಿಷ್ಠ ಹತ್ತು ದಿನ, ಬಿಸಿಲು ಒಣಹವೆ ಇದ್ದರೆ ಯಾವ ಸಿಮೆಂಟಿಗಾದರೂ ಕನಿಷ್ಠ ಹತ್ತು ದಿನ ತೇವ ಆರದಂತೆ ಕಾಯಬೇಕೆನ್ನುತ್ತದೆ. ಮನೆಗಳಿಗೆ ಬರುವ ಚೀಲದ ಮೇಲೆ ಪಿಪಿಸಿ ಎಂದಿದ್ದರೂ ಏಳು ದಿನದ ಅಭ್ಯಾಸ ಮಾತ್ರ ಹಾಗೇ ಉಳಿದಿದೆ. 2024ರ ಮಾರ್ಚ್‌ನಲ್ಲಿ ನೀರಿಗೆ ಬರ ಬಂದು, ಕುಡಿಯುವ ನೀರನ್ನು ಕಟ್ಟಡ ಕೆಲಸಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಆ ಬೇಸಿಗೆಯಲ್ಲಿ ಮೋಲ್ಡ್ ಹಾಕಿಸಿದವರು ತಮ್ಮ ಸ್ಲ್ಯಾಬಿಗೆ ಎಷ್ಟು ದಿನ ನೀರು ನಿಲ್ಲಿಸಿದ್ದರು ಎಂದು ನೆನಪು ಮಾಡಿಕೊಂಡು, ಮಳೆಗೆ ಮೊದಲೇ ಒಮ್ಮೆ ಬಿರುಕು ನೋಡಿಸುವುದು ಒಳ್ಳೆಯದು.

ಆದ್ದರಿಂದ ಲೇಬರ್ ಕಂಟ್ರಾಕ್ಟಾದರೂ ಸರಿ, ಒಂದು ಪುಟದ ಬರಹ ಬೇಕು. ಸ್ಲ್ಯಾಬಿನ ದಪ್ಪ ಎಷ್ಟು, ಇಳಿಜಾರು ಎಷ್ಟು, ಕ್ಯೂರಿಂಗ್ ಎಷ್ಟು ದಿನ ಮತ್ತು ಯಾರದ್ದು, ರೆಡಿಮಿಕ್ಸ್ ಲಾರಿ ಬಂದರೆ ಸೈಟಿನಲ್ಲಿ ನೀರು ಬೆರೆಸಬಾರದು, ಸೋರಿದರೆ ಎಷ್ಟು ದಿನದಲ್ಲಿ ಬಂದು ನೋಡಬೇಕು. ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು. "ಅವರು ನಮ್ಮೂರಿನ ಕಡೆಯವರು, ನಮ್ಮ ಚಿಕ್ಕಪ್ಪನ ಮನೆಯನ್ನೂ ಅವರೇ ಕಟ್ಟಿದ್ದು, ಕಾಗದ ಕೇಳಿದರೆ ಬೇಜಾರು ಮಾಡ್ಕೋತಾರೆ." ಈ ಸಂಕೋಚ ಸಣ್ಣದಲ್ಲ, ಅದರ ಹಿಂದೆ ಮರ್ಯಾದೆ ಇದೆ. ಆದರೂ ಕಾಗದದಿಂದ ಮೇಸ್ತ್ರಿಗೂ ರಕ್ಷಣೆಯಿದೆ. ನಾಲ್ಕು ವರ್ಷದ ಮೇಲೆ ಮನೆಯವರೇ ತಾರಸಿ ಕೊರೆದು ಡಿಶ್ ಹಾಕಿಸಿ, ಹಳೆಯ ಬಾತ್‌ರೂಮಿನ ಜಾಗ ಬದಲಿಸಿ, ಎರಡನೆಯ ಟ್ಯಾಂಕ್ ಏರಿಸಿ, ಆಮೇಲೆ "ನೀನು ಕಟ್ಟಿದ ಮನೆ ಸೋರ್ತಿದೆ" ಎಂದು ಬೀದಿಯಲ್ಲಿ ಕೂಗಾಡುವುದೂ ನಡೆಯುತ್ತದೆ. ಏನು ತನ್ನ ಹೊಣೆ, ಏನು ಅಲ್ಲ ಎಂದು ಬರೆದಿದ್ದರೆ ಅವನ ಹೆಸರೂ ಉಳಿಯುತ್ತದೆ.

ದುಡ್ಡು ಹಿಡಿದಿಡುವ ಮಾತು ಇದಕ್ಕಿಂತ ಕಷ್ಟದ್ದು. ಸರ್ಕಾರದ ಕಾಮಗಾರಿಗಳಲ್ಲಿ ಗುತ್ತಿಗೆದಾರರ ಬಿಲ್ಲಿನಿಂದ ಒಂದು ಭಾಗ ಹಿಡಿದಿಟ್ಟು, ದೋಷ ಹೊಣೆಗಾರಿಕೆಯ ಅವಧಿ ಮುಗಿದ ಮೇಲೆ ಬಿಡುತ್ತಾರೆ. ರಸ್ತೆಗೆ, ಸೇತುವೆಗೆ ಇರುವ ಈ ನಿಯಮ ನಮ್ಮ ಮನೆಗೆ ಯಾಕಿರಬಾರದು? ಇರಬಹುದು, ಆದರೆ ಅದರ ಭಾರ ಎಲ್ಲಿ ಬೀಳುತ್ತದೆ ಎಂದು ಯೋಚಿಸಬೇಕು. ಶನಿವಾರದ ಬಟವಾಡೆ ತಪ್ಪಿದರೆ ಯಾದಗಿರಿಯಿಂದಲೋ ರಾಯಚೂರಿನಿಂದಲೋ ಬಂದು ಸೈಟಿನ ಶೆಡ್ಡಿನಲ್ಲಿರುವ ಗಾರೆ ಕೆಲಸದವರ ಸಂಸಾರ ಆ ವಾರ ಒದ್ದಾಡುತ್ತದೆ. ಕೂಲಿಯನ್ನು ಹಿಡಿಯುವುದು ಅನ್ಯಾಯ, ಅದಕ್ಕೆ ಯಾವ ವಾರಂಟಿಯ ನೆಪವೂ ಸಲ್ಲದು. ಹಿಡಿಯಬೇಕಾದದ್ದು ಕಂಟ್ರಾಕ್ಟರಿನ ಲಾಭದ ಪಾಲನ್ನು, ಅದೂ ಮೊದಲೇ ಹೇಳಿ, ಬರೆದು. ನೂರಕ್ಕೆ ಐದರಷ್ಟು, ಒಂದು ಮಳೆಗಾಲದ ಮಟ್ಟಿಗೆ, ಸ್ವಾತಿ ಮಳೆ ಕಳೆದ ಮೇಲೆ ಮರುಮಾತಿಲ್ಲದೆ ಕೊಡುತ್ತೇನೆಂಬ ಒಪ್ಪಂದ. ವಾಟರ್‌ಪ್ರೂಫಿಂಗ್ ಏಜೆನ್ಸಿಯವರ ಜೊತೆ ಇದು ಇನ್ನೂ ಸುಲಭ. ಹತ್ತು ವರ್ಷ ಏನೂ ಆಗದು ಎನ್ನುವವರು ಎಂಟು ತಿಂಗಳು ನೂರಕ್ಕೆ ಐದು ರೂಪಾಯಿ ಬಿಡಲು ಒಪ್ಪದಿದ್ದರೆ ಅವರ ಹತ್ತು ವರ್ಷದ ಬೆಲೆ ಅಲ್ಲೇ ಗೊತ್ತಾಯಿತು.

ಕಾರ್ಡು ಇದ್ದು, ಬಿಲ್ಲು ಇದ್ದು, ಅವರು ಬಾರದೇ ಹೋದರೆ? ಮನೆ ಕಟ್ಟಿಕೊಡುವುದು ಸೇವೆ, ಅದರಲ್ಲಿನ ಕೊರತೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂಬುದು ಇವತ್ತಿನ ಮಾತಲ್ಲ. 1993ರ ತಿದ್ದುಪಡಿ ಗೃಹನಿರ್ಮಾಣವನ್ನು ಸೇವೆಯ ವ್ಯಾಖ್ಯೆಯೊಳಗೆ ತಂದಿತು. ಲಖನೌ ಅಭಿವೃದ್ಧಿ ಪ್ರಾಧಿಕಾರ ಮತ್ತು ಎಂ.ಕೆ. ಗುಪ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದೇ ವರ್ಷ ನವೆಂಬರಿನಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು. ಈಗಿನ ನಿಯಮದಲ್ಲಿ ಕೊಟ್ಟ ದುಡ್ಡು 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗಕ್ಕೆ ಹೋಗಬಹುದು; 5 ಲಕ್ಷದವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವೇ ಇಲ್ಲ. ಕಂಪನಿಯ ಮುಖ್ಯ ಕಚೇರಿ ಮುಂಬೈಯಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ವಕೀಲರನ್ನು ಇಡಲೇಬೇಕೆಂದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಮೊದಲು ರಾಜಿಗೆ ಯತ್ನಿಸಬಹುದು, ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು. ಹೆಚ್ಚಿನವರು ಎಡವುವುದು ಅವಧಿಯ ವಿಷಯದಲ್ಲಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದಾಖಲಿಸಬೇಕು. "ಈ ಮಳೆ ಕಳೀಲಿ ಸಾರ್, ಬರ್ತೀವಿ" ಎಂದು ಫೋನಿನಲ್ಲಿ ಹೇಳುವುದನ್ನು ಕೇಳಿಕೊಂಡು ಮೂರು ಮಳೆಗಾಲ ಕಳೆದರೆ ವಾರಂಟಿ ಇನ್ನೂ ಏಳು ವರ್ಷ ಬಾಕಿಯಿದ್ದರೂ ದೂರಿನ ದಾರಿ ಮುಚ್ಚಿಹೋಗಿರಬಹುದು. ಮೊದಲ ಸೋರಿಕೆಗೇ ಬರಹದಲ್ಲಿ ತಿಳಿಸಬೇಕು. ವಾಟ್ಸಾಪ್ ಆದರೂ ಆದೀತು, ಸ್ಪೀಡ್ ಪೋಸ್ಟ್ ಆದರೆ ಉತ್ತಮ.

ಇಲ್ಲಿಯವರೆಗೆ ಹೇಳಿದ್ದು ಮನೆಯವರು ತಾವೇ ಮಾಡಿಕೊಳ್ಳಬೇಕಾದ ಕೆಲಸ. ಆದರೆ ಎಲ್ಲವನ್ನೂ ಅವರ ಎಚ್ಚರಿಕೆಯ ಮೇಲೆ ಹೊರಿಸುವುದು ಸರಿಯಲ್ಲ ಎಂದೂ ನನಗೆ ಅನ್ನಿಸುತ್ತದೆ. ರೇರಾ ಕಾಯ್ದೆಯ ಸೆಕ್ಷನ್ 14(3) ಪ್ರಕಾರ ಫ್ಲ್ಯಾಟಿನ ಸ್ವಾಧೀನ ಸಿಕ್ಕ ಐದು ವರ್ಷದೊಳಗೆ ಕಟ್ಟಡದ ದೋಷ ಕಂಡರೆ ಬಿಲ್ಡರ್ ಮೂವತ್ತು ದಿನದಲ್ಲಿ ಬಿಡಿಗಾಸು ಕೇಳದೆ ಸರಿಮಾಡಿಕೊಡಬೇಕು. ಕಾರ್ಡು ಬೇಡ, ಸಣ್ಣ ಅಕ್ಷರದ ಷರತ್ತಿಲ್ಲ, ಕಾನೂನೇ ವಾರಂಟಿ. ಆದರೆ 500 ಚದರ ಮೀಟರ್ ಮೀರದ ಜಾಗದ ಅಥವಾ ಎಂಟು ಮನೆ ಮೀರದ ಯೋಜನೆಗೆ ರೇರಾ ನೋಂದಣಿಯೇ ಬೇಕಿಲ್ಲ. ಬ್ಯಾಡರಹಳ್ಳಿಯಂಥ ಕಡೆ ಮನೆ ಎಂದರೆ ಬಹುಪಾಲು ಇವೇ: ಮೂವತ್ತು ನಲವತ್ತರ ಸ್ವಂತ ಕಟ್ಟಡ, ಇಪ್ಪತ್ತು ಮೂವತ್ತರ ಸೈಟಿನಲ್ಲಿ ಒಂದರ ಮೇಲೊಂದು ಎದ್ದ ಮೂರು ಮನೆ. ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಕೋಟಿ ಕೊಟ್ಟು ಕೊಂಡವರಿಗೆ ಕಾನೂನಿನ ಛಾವಣಿಯಿದೆ. ಕಾರ್ಖಾನೆಯಿಂದ ನಿವೃತ್ತರಾಗಿ ಪಿಎಫ್ ದುಡ್ಡು ಸುರಿದು ಕಟ್ಟಿಸಿದವರಿಗೆ ಇಲ್ಲ.

ಬೇರೆ ದೇಶಗಳು ಇದನ್ನು ಹೀಗೆ ಬಿಟ್ಟಿಲ್ಲ. ಜಪಾನಿನಲ್ಲಿ 2000ದ ಏಪ್ರಿಲ್‌ನಿಂದ ಜಾರಿಯಲ್ಲಿರುವ ಕಾಯ್ದೆ ಹೊಸ ಮನೆ ಕಟ್ಟುವವರ ಮೇಲೆ ಹತ್ತು ವರ್ಷದ ಹೊಣೆ ಹೊರಿಸಿದೆ, ಅದು ಎರಡು ಭಾಗಗಳಿಗೆ: ಮನೆಯ ಭಾರ ಹೊರುವ ಮೂಲ ರಚನೆ ಮತ್ತು ಮಳೆನೀರು ಒಳಬಾರದಂತೆ ತಡೆಯುವ ಭಾಗ. ಸೋರಿಕೆಯನ್ನು ಕಂಬ ತೊಲೆಯಷ್ಟೇ ಗಂಭೀರವೆಂದು ಕಾನೂನು ಹೆಸರಿಟ್ಟು ಹೇಳಿದೆ. ಕಟ್ಟಿದವರು ದಿವಾಳಿಯಾದರೆ ಹೊಣೆ ಯಾರದ್ದು ಎಂಬ ಪ್ರಶ್ನೆ ಎದ್ದಾಗ, 2009ರಿಂದ ಅವರು ಠೇವಣಿ ಇಡಲೇಬೇಕು ಇಲ್ಲವೇ ವಿಮೆ ಮಾಡಿಸಲೇಬೇಕು ಎಂದು ನಿಯಮವಾಯಿತು. ಫ್ರಾನ್ಸಿನಲ್ಲಿ 1978ರ ಕಾನೂನಿನಿಂದ ಹತ್ತು ವರ್ಷದ ಹೊಣೆಗೆ ವಿಮೆ ಕಡ್ಡಾಯ. ಅಲ್ಲಿ ವಿಮಾ ಕಂಪನಿ ಮೊದಲು ರಿಪೇರಿಗೆ ದುಡ್ಡು ಕೊಟ್ಟು, ತಪ್ಪು ಯಾರದೆಂಬ ಜಗಳವನ್ನು ಆಮೇಲೆ ತಾನೇ ನಡೆಸುತ್ತದೆ. ನಮ್ಮ ಮೇಸ್ತ್ರಿಗಳಿಗೆ ನಾಳೆಯೇ ವಿಮೆ ಕಡ್ಡಾಯ ಮಾಡಿ ಎಂದು ನಾನು ಕೇಳುವುದಿಲ್ಲ. ಸಣ್ಣ ಕೆಲಸಗಾರರನ್ನು ಅದು ಮುಗಿಸಿಬಿಡುತ್ತದೆ. ಆದರೆ ಪಾಲಿಕೆ ಕಟ್ಟಡದ ನಕ್ಷೆಗೆ ಮಂಜೂರಾತಿ ಕೊಡುವಾಗ ಒಂದು ಪುಟದ ಮಾದರಿ ಒಪ್ಪಂದವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಜೊತೆಗಿಟ್ಟು ಕೊಡಲು ಏನಡ್ಡಿ? ಸ್ಲ್ಯಾಬ್ ಮತ್ತು ಸೋರಿಕೆಗೆ ಇಂತಿಷ್ಟು ವರ್ಷ ಕಟ್ಟಿದವರ ಹೊಣೆ ಎಂದು ಅದರಲ್ಲಿ ಮೊದಲೇ ಇದ್ದರೆ, ಕಾಗದ ಕೇಳುವ ಸಂಕೋಚ ಮನೆಯವರಿಗೆ ಇರುವುದಿಲ್ಲ.

ತಾರಸಿಯ ಮೇಲೆ ಈಗ ಇನ್ನೊಂದು ಕಾಗದವೂ ಬಂದು ಕೂರುತ್ತಿದೆ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ಸಿಗುವುದರಿಂದ ಸೋಲಾರ್ ಪ್ಯಾನೆಲ್ ಹಾಕಿಸುವವರು ಹೆಚ್ಚುತ್ತಿದ್ದಾರೆ. ಪ್ಯಾನೆಲ್ಲುಗಳ ಉತ್ಪಾದನೆಗೆ ಇಪ್ಪತ್ತೈದು ವರ್ಷದ ವಾರಂಟಿ ಕೊಡುತ್ತಾರೆ. ಅದರ ಸ್ಟ್ಯಾಂಡಿಗೆಂದು ತಾರಸಿಗೆ ಬೋಲ್ಟ್ ಹೊಡೆದರೆ ಕೆಳಗಿನ ವಾಟರ್‌ಪ್ರೂಫಿಂಗ್ ವಾರಂಟಿ ಅದೇ ದಿನ ಹೋಗುತ್ತದೆ. ಮೊದಲು ತಾರಸಿ ಸರಿಮಾಡಿಸಿ, ನೀರು ನಿಲ್ಲಿಸಿ ನೋಡಿ, ಆಮೇಲೆ ಪ್ಯಾನೆಲ್. ಅದೂ ತಾರಸಿ ಕೊರೆಯದೆ, ಕಾಂಕ್ರೀಟ್ ಬ್ಲಾಕಿನ ಭಾರದ ಮೇಲೆ ಸ್ಟ್ಯಾಂಡ್ ನಿಲ್ಲಿಸಿ. ಗಾಳಿಗೆ ಎಷ್ಟು ಭಾರ ಬೇಕು, ಸ್ಲ್ಯಾಬ್ ಅದನ್ನು ತಡೆಯುತ್ತದೆಯೇ ಎಂಬ ಲೆಕ್ಕವನ್ನು ಹಾಕುವವರಿಂದಲೇ ಬರೆಸಿಕೊಳ್ಳಬೇಕು.

ಮಾಗಡಿ ಕಡೆಯ ಹಳ್ಳಿಗಳ ಕಲ್ಲುಚಪ್ಪಡಿ ಮಾಳಿಗೆಗೆ, ಮಲೆನಾಡಿನ ಮಂಗಳೂರು ಹೆಂಚಿನ ಮನೆಗೆ ಯಾರೂ ವಾರಂಟಿ ಕೊಟ್ಟಿರಲಿಲ್ಲ. ಮಳೆಗಾಲಕ್ಕೆ ಮೊದಲು ಸಂದಿಗೆ ಗಾರೆ ಹಾಕುವುದು, ಒಡೆದ ಹೆಂಚು ಬದಲಿಸುವುದು ವರ್ಷದ ಕೆಲಸಗಳಲ್ಲಿ ಒಂದಾಗಿತ್ತು. ಕಾಂಕ್ರೀಟ್ ಬಂದಮೇಲೆ ತಾರಸಿ ಎಂದರೆ ಒಮ್ಮೆ ಹಾಕಿ ಮರೆಯುವ ವಸ್ತು ಎಂಬ ಭಾವನೆ ಬೆಳೆಯಿತು, ಹತ್ತು ವರ್ಷದ ಕಾರ್ಡು ಅದನ್ನು ಇನ್ನಷ್ಟು ಬೆಳೆಸಿತು. ಆ ಕಾರ್ಡುಗಳಲ್ಲೇ ಎಷ್ಟೋ ಕಡೆ ತಾರಸಿಯನ್ನು ಸ್ವಚ್ಛವಾಗಿಟ್ಟುಕೊಳ್ಳಬೇಕು, ನೀರಿನ ದಾರಿ ಕಟ್ಟಿಕೊಳ್ಳದಂತೆ ನೋಡಬೇಕು ಎಂಬ ಷರತ್ತಿರುತ್ತದೆ. ಮೇ ತಿಂಗಳಲ್ಲಿ ಔಟ್‌ಲೆಟ್ಟಿನ ಕಸ ತೆಗೆದು, ಪ್ಯಾರಪೆಟ್ಟಿನ ಬುಡ ನೋಡಿ, ತಾರೀಖು ಕಾಣುವಂತೆ ನಾಲ್ಕು ಫೋಟೊ ತೆಗೆದಿಟ್ಟರೆ ಆ ಷರತ್ತನ್ನು ಪಾಲಿಸಿದ ಪುರಾವೆ ನಮ್ಮ ಹತ್ತಿರ ಇರುತ್ತದೆ.

ಕೊನೆಯದಾಗಿ, ಈ ಚರ್ಚೆಯಲ್ಲಿ ಯಾರೂ ನೆನೆಯದ ಒಬ್ಬರಿದ್ದಾರೆ. ನಮ್ಮ ಬಡಾವಣೆಗಳಲ್ಲಿ ಓನರ್ ಇರುವುದು ಕೆಳಗೆ ಅಥವಾ ಮೊದಲ ಮಹಡಿಯಲ್ಲಿ. ತಾರಸಿಯ ಕೆಳಗೆ ಮಲಗುವವರು ಬಾಡಿಗೆಯವರು. ಕಾರ್ಡು ಓನರ್ ಬೀರುವಿನಲ್ಲಿ, ಬಕೆಟ್ಟು ಬಾಡಿಗೆಯವರ ಹಾಲಿನಲ್ಲಿ. ಸೋರಿಕೆ ಕಂಡ ಕೂಡಲೇ ತಿಳಿಸಬೇಕೆಂಬ ಷರತ್ತು ಕಾರ್ಡಿನಲ್ಲಿದ್ದರೂ ಬಾಡಿಗೆಯವರು ತಿಳಿಸಲು ಹಿಂಜರಿಯುತ್ತಾರೆ. "ಆಂಟಿ, ಮೂಲೇಲಿ ಸ್ವಲ್ಪ ಒದ್ದೆ ಆಗ್ತಿದೆ" ಎಂದರೆ ಮನೆ ಖಾಲಿ ಮಾಡಿ ಎಂದಾರೆಂಬ ಭಯ, ಬಾಡಿಗೆ ಏರಿಸಿಯಾರೆಂಬ ಭಯ. ಮನೆ ಬಿಡುವಾಗ ಅದೇ ಬೂಷ್ಟು ಹಿಡಿದ ಗೋಡೆಯ ಹೆಸರಿನಲ್ಲಿ ಅಡ್ವಾನ್ಸಿನಿಂದ ಪೇಂಟಿಂಗ್ ಚಾರ್ಜ್ ಮುರಿದುಕೊಳ್ಳುತ್ತಾರೆ. ಇದು ಅನ್ಯಾಯ, ಓನರಿಗೂ ನಷ್ಟ, ಏಕೆಂದರೆ ವಾರಂಟಿಯ ಗಡುವು ಆ ಮೌನದಲ್ಲೇ ಕಳೆದುಹೋಗುತ್ತದೆ. ಹನ್ನೊಂದು ತಿಂಗಳ ಕರಾರುಪತ್ರದಲ್ಲಿ ಮೂರು ಸಾಲು ಸೇರಿಸಬಹುದು: ಸೋರಿಕೆ ಕಂಡರೆ ಬಾಡಿಗೆಯವರು ಫೋಟೊ ತೆಗೆದು ಎರಡು ದಿನದಲ್ಲಿ ಕಳುಹಿಸಬೇಕು, ಓನರ್ ಅದನ್ನು ಕೆಲಸ ಮಾಡಿದವರಿಗೆ ಬರಹದಲ್ಲಿ ತಲುಪಿಸಬೇಕು, ಸೋರಿಕೆಯಿಂದ ಕೆಟ್ಟ ಗೋಡೆಗೆ ಅಡ್ವಾನ್ಸಿನಿಂದ ಹಣ ಮುರಿಯುವಂತಿಲ್ಲ.